ಗ್ಯಾಸ್‌ಲೈಟಣ್ಣನಿಗೊಂದು ಬಿನ್ನವತ್ತಳೆ

ನಮ್ಮ ಊರಿನ ನಾಟಕ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದಾಗ ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಳೆಯ ಸ್ಮರಣ ಸಂಚಿಕೆಗಳ ರಾಶಿಯ ನಡುವೆ ಕೂತಿದ್ದೆ. "ನೀನು ಹಿಸ್ಟರಿಯಲ್ಲಿ ಪಿಎಚ್‌ಡಿ ಮಾಡ್ತಾ ಇದೀಯಲ್ಲ ಮಾರಾಯ್ತಿ, ಒಂದು ಸನ್ಮಾನ ಪತ್ರ ಬರೆದುಕೊಡು. ಒಂದೇ ಪುಟ ಸಾಕು. ಫ್ರೇಮ್ ಹಾಕಿಸೋದು ನಮಗಿರಲಿ" ಅಂದರು. ಯಾರಿಗೆ ಸನ್ಮಾನ ಎಂದು ಕೇಳಿದೆ. "ಮತ್ಯಾರಿಗೆ, ನಮ್ಮ ಗ್ಯಾಸ್‌ಲೈಟಣ್ಣಂಗೆ."

ಊರಿಗೆಲ್ಲ ಅವರು ಗ್ಯಾಸ್‌ಲೈಟಣ್ಣ. ಸಂಘದ ನಾಟಕಗಳಿಗೆ, ಮಳೆಗಾಲದ ತಾಳಮದ್ದಳೆಗಳಿಗೆ, ಬೇಸಿಗೆ ರಜೆಯ ಮಕ್ಕಳ ಶಿಬಿರಗಳಿಗೆ ನಲವತ್ತು ವರ್ಷಕ್ಕೂ ಮೀರಿ ದೀಪ ಹಚ್ಚಿದವರು, ಪರದೆ ಕಟ್ಟಿದವರು, ಜಮಖಾನ ಹಾಸಿ ಬೆಳಗಿನ ಜಾವ ಅದನ್ನು ಕೊಡವಿ ಮಡಚಿಟ್ಟವರು. ಕರೆಂಟು ಬರುವ ಮೊದಲು ಸಂಘದ ಎರಡು ಗ್ಯಾಸ್‌ಲೈಟುಗಳು ಅವರ ಸುಪರ್ದಿಯಲ್ಲಿದ್ದವು. ಕರೆಂಟು ಬಂದ ಮೇಲೂ, ಅದು ಯಾವಾಗ ಬೇಕಾದರೂ ಹೋಗುವ ನಮ್ಮ ಮಲೆನಾಡಿನಲ್ಲಿ, ಅವು ಅವರ ಸುಪರ್ದಿಯಲ್ಲೇ ಉಳಿದವು.

ಒಂದು ಪುಟ ತಾನೇ, ಒಂದು ಸಂಜೆಯ ಕೆಲಸ ಅಂದುಕೊಂಡೆ. ಪೂರ್ತಿ ಮೂರು ವಾರ ಹಿಡಿಯಿತು.

ಸಂಘದ ಕಾಗದಪತ್ರಗಳೆಲ್ಲ ಕಾರ್ಯದರ್ಶಿಗಳ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕಿನಲ್ಲಿದ್ದವು. ನಡಾವಳಿ ಪುಸ್ತಕಗಳು, ಜಮಾಖರ್ಚಿನ ಪುಸ್ತಕಗಳು, ರಸೀದಿ ಪುಸ್ತಕದ ಅರೆಪಾಲುಗಳು, ನಾಟಕದ ಕರಪತ್ರಗಳು, ಎರಡು ಸ್ಮರಣ ಸಂಚಿಕೆಗಳು. ಗೆದ್ದಲು ತಿಂದದ್ದನ್ನು ಬಿಟ್ಟರೆ ಸಾಕಷ್ಟು ಚೆನ್ನಾಗಿಯೇ ಇದ್ದವು. ಸಂಶೋಧನೆ ಮಾಡುವವರಿಗೆ ಇಂಥ ಟ್ರಂಕು ಸಿಕ್ಕರೆ ಆಗುವ ಸಂತೋಷ ಬೇರೆಯವರಿಗೆ ಹೇಳಿದರೆ ಅರ್ಥವಾಗದು. ಆದರೆ ಆ ಸಂತೋಷ ಎರಡು ದಿನಕ್ಕೇ ಇಳಿಯಿತು. ಕರಪತ್ರಗಳಲ್ಲಿ ಅಧ್ಯಕ್ಷತೆ ವಹಿಸಿದವರ ಹೆಸರಿದೆ, ಮುಖ್ಯ ಅತಿಥಿಗಳ ಹೆಸರಿದೆ, ಪಾತ್ರಧಾರಿಗಳ ಹೆಸರಿದೆ, ಹಾರ್ಮೋನಿಯಂ ಮತ್ತು ತಬಲದವರ ಹೆಸರಿದೆ. ಕೆಳಗೆ ಸಣ್ಣಕ್ಷರದಲ್ಲಿ ಮುದ್ರಣಾಲಯದ ಹೆಸರೂ ಇದೆ. ಗ್ಯಾಸ್‌ಲೈಟಣ್ಣನದಿಲ್ಲ. "ರಂಗಸಜ್ಜಿಕೆ: ಸಂಘದ ಸದಸ್ಯರು" ಎಂದಿದೆ. ಅವರು ಸದಸ್ಯರೂ ಆಗಿರಲಿಲ್ಲ; ಚಂದಾ ಕಟ್ಟಿದವರ ಪಟ್ಟಿಯಲ್ಲಿ ಅವರ ಹೆಸರು ಕಾಣಲಿಲ್ಲ. ವಾರ್ಷಿಕ ವರದಿಗಳ ಕೊನೆಯಲ್ಲಿ ಎಲ್ಲ ಸಂಘದವರೂ ಬರೆಯುವ ಆ ಸಾಲು ಮಾತ್ರ ಪ್ರತಿ ವರ್ಷವೂ ತಪ್ಪದೆ ಇದೆ: ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ ವಂದನೆಗಳು. ಆ 'ಪರೋಕ್ಷ'ದೊಳಗೆ ಅವರಿದ್ದರು ಎಂದು ಭಾವಿಸಬೇಕು.

ಕಡೆಗೆ ಅವರು ಸಿಕ್ಕಿದ್ದು ಜಮಾಖರ್ಚಿನಲ್ಲಿ. ಮ್ಯಾಂಟಲ್ ನಾಲ್ಕು, ಪಿನ್ನು ಒಂದು, ಸ್ಪಿರಿಟ್, ಸೀಮೆಎಣ್ಣೆ, ಮಾರ್ಫತ್ ಇಂಥವರು. ಹೀಗೆ ವರ್ಷಕ್ಕೆ ಎರಡು ಮೂರು ಕಡೆ. ಹಳೆಯ ಲೆಕ್ಕ ಬರೆಯುವವರಿಗೆ 'ಮಾರ್ಫತ್' ಎಂದರೆ ಯಾರ ಕೈಯಿಂದ ದುಡ್ಡು ಹೋಯಿತೋ ಅವರು. ದುಡ್ಡು ಅವರದಲ್ಲ, ವಸ್ತುವೂ ಅವರದಲ್ಲ. ನಲವತ್ತು ವರ್ಷದ ಕೆಲಸಕ್ಕೆ ದಾಖಲೆಯೆಂದು ನನಗೆ ಸಿಕ್ಕಿದ್ದು ಆ ಒಂದು ಅರಬ್ಬಿ ಮೂಲದ ಪದದ ಮುಂದೆ ಬರೆದ ಹೆಸರು.

ನನ್ನ ಪ್ರಬಂಧದ ವಿಷಯವೂ ಹವ್ಯಾಸಿ ಸಂಘಸಂಸ್ಥೆಗಳ ಇತಿಹಾಸವೇ. ಹೀಗಾಗಿ ಇದು ನನಗೆ ಊರಿನ ಕೆಲಸವಾಗಿ ಮಾತ್ರ ಉಳಿಯಲಿಲ್ಲ. ಕನ್ನಡ ನಾಡಿನಲ್ಲಿ ಜನರ ಬಿಡುವಿನ ಹೊತ್ತಿಗೆ ದುಡಿದವರನ್ನು ಯಾರು, ಯಾವ ಭಾಷೆಯಲ್ಲಿ ಗೌರವಿಸಿದ್ದಾರೆ ಎಂದು ಹಿಂದಕ್ಕೆ ಹೋಗಿ ನೋಡತೊಡಗಿದೆ.

ಗೌರವಿಸುವುದರಲ್ಲಿ ನಾವು ಜಿಪುಣರಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡನೆಂಬ ಸೂತ್ರಧಾರಿಗೆ ಎಂಟನೆಯ ಶತಮಾನದಲ್ಲಿ 'ತ್ರಿಭುವನಾಚಾರಿ' ಎಂಬ ಬಿರುದೂ ಪೆರ್ಜೆರೆಪು ಎಂಬ ಪಟ್ಟವೂ ಸಿಕ್ಕ ಸಂಗತಿ ಅಲ್ಲಿಯ ಕಲ್ಲಿನ ಮೇಲೇ ಇದೆ. ತುರುಗಾಳಗದಲ್ಲಿ ಸತ್ತವರಿಗೆ ಊರೂರಲ್ಲಿ ವೀರಗಲ್ಲುಗಳಿವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕ್ರಿ.ಶ. 949-50ರ ಹೊತ್ತಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ನಾಯಿಯೂ ಜೊತೆಗೇ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪ ತಗಲಲಿ ಎಂದೂ ಬರೆಸಿದರು. ಒಂದು ನಾಯಿಯ ಹೆಸರು ಸಾವಿರ ವರ್ಷ ದಾಟಿ ಬಂದಿದೆ. ಟ್ರಂಕಿನ ಮುಂದೆ ಕೂತಿದ್ದಾಗ ಕಾಳಿ ನೆನಪಾಗಿ ನನಗೆ ನಗುವೂ ಬಂತು, ಸ್ವಲ್ಪ ಸಂಕಟವೂ ಆಯಿತು.

ಮನರಂಜನೆಯ ವಿಷಯಕ್ಕೆ ಬಂದರೆ ಸಂಶೋಧಕರು ಮತ್ತೆ ಮತ್ತೆ ಎತ್ತಿ ಹೇಳುವುದು ಬಳ್ಳಾರಿ ಜಿಲ್ಲೆಯ ಕುರುಗೋಡು ಸೀಮೆಯ 1556ರ ಶಾಸನವನ್ನು. ತಾಳಮದ್ದಳೆಯ ಸೇವೆಗಾಗಿ ಭೂಮಿ ಬಿಟ್ಟ ಸಂಗತಿ ಅದರಲ್ಲಿದೆ. ಯಕ್ಷಗಾನ ಪರಂಪರೆಯ ಹಳೆಯ ಲಿಖಿತ ಆಧಾರಗಳಲ್ಲಿ ಅದೂ ಒಂದು. ಭೂಮಿ ಬಿಡುವುದೆಂದರೆ ಗೌರವವೂ ಹೌದು, ಕೂಲಿಯೂ ಹೌದು. ಆ ಕಾಲದಲ್ಲಿ ಇವೆರಡನ್ನು ಬೇರೆ ಮಾಡಿ ನೋಡುವ ಅಭ್ಯಾಸ ಇದ್ದಂತಿಲ್ಲ. ಹಾಡಿದವರಿಗೆ ಅನ್ನ ಸಿಗುತ್ತಿತ್ತು, ಕಲ್ಲಿನ ಮೇಲೆ ಸೇವೆಯ ಹೆಸರು ಉಳಿಯುತ್ತಿತ್ತು.

ಹಾಗಿದ್ದರೆ ಸಂಬಳವಿಲ್ಲದೆ, ಭೂಮಿಯಿಲ್ಲದೆ, ಸುಮ್ಮನೆ ಬಂದು ದುಡಿಯುವವರು ನಮ್ಮ ಸಾರ್ವಜನಿಕ ಬದುಕಿನಲ್ಲಿ ಕಾಣಿಸಿಕೊಂಡದ್ದು ಯಾವಾಗ? ರಂಗಭೂಮಿಯ ಮಟ್ಟಿಗೆ ಉತ್ತರ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿದೆ. ಆ ಹೊತ್ತಿಗೆ ವೃತ್ತಿ ಕಂಪನಿಗಳು ಬೇರೂರಿದ್ದವು. ಗುಬ್ಬಿ ಕಂಪನಿ ಹುಟ್ಟಿದ್ದೇ 1884ರಲ್ಲಿ. ಧಾರವಾಡದ ಭರತ ಕಲೋತ್ತೇಜಕ ಸಂಘ, 1909ರಲ್ಲಿ ಶುರುವಾದ ಬೆಂಗಳೂರಿನ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ಇವೆಲ್ಲ ಬೇರೆ ಜಾತಿಯವು. ಇಲ್ಲಿ ಬಣ್ಣ ಹಚ್ಚುತ್ತಿದ್ದವರು ವಕೀಲರು, ಮೇಷ್ಟರುಗಳು, ಕಚೇರಿಯ ನೌಕರರು. 1919ರಲ್ಲಿ ರವೀಂದ್ರನಾಥ ಠಾಕೂರರನ್ನು ಬೆಂಗಳೂರಿಗೆ ಕರೆಸುವಷ್ಟು ವರ್ಚಸ್ಸು ಆ ಅಸೋಸಿಯೇಷನ್ನಿಗಿತ್ತು. ಇಂಥ ನಾಟಕಕ್ಕೆ ಆಗ ಇಟ್ಟ ಹೆಸರು 'ವಿಲಾಸಿ ರಂಗಭೂಮಿ'. ಹೊಟ್ಟೆಪಾಡಿಗಲ್ಲದೆ ವಿಲಾಸಕ್ಕೆ ಆಡುವವರು. ಹೆಸರೇ ಗುಟ್ಟು ಬಿಟ್ಟುಕೊಡುತ್ತದೆ. ವಿಲಾಸಕ್ಕೆ ಬಿಡುವು ಬೇಕು, ಬಿಡುವಿಗೆ ಬೇರೆಲ್ಲಿಂದಲೋ ಆದಾಯ ಬೇಕು. ವಕೀಲರು ವಿಲಾಸಿಗಳು ಸರಿ, ಅವರ ನಾಟಕದಲ್ಲಿ ಪರದೆ ಎಳೆದವರು? ಅವರೂ ವಿಲಾಸಿಗಳೇ? ಆ ಸಂಘಗಳ ಬಗ್ಗೆ ನಾನು ಇದುವರೆಗೆ ಓದಿದ್ದರಲ್ಲೆಲ್ಲ ನಾಟಕಕಾರರಿದ್ದಾರೆ, ನಟರಿದ್ದಾರೆ, ಪೋಷಕರಿದ್ದಾರೆ. ಪರದೆ ತನ್ನಷ್ಟಕ್ಕೆ ತಾನೇ ಏಳುತ್ತದೆ.

ಇದೇ ಕಾಲದಲ್ಲಿ ಗೌರವಿಸುವುದಕ್ಕೂ ಒಂದು ಹೊಸ ಕ್ರಮ ಬಂತು. ಸಭೆ, ಅಧ್ಯಕ್ಷರು, ಹಾರ, ಭಾಷಣ, ಚೌಕಟ್ಟಿನ ಬಿನ್ನವತ್ತಳೆ. ಬಿನ್ನವತ್ತಳೆ ಎಂಬ ಪದವನ್ನು ನಾವೀಗ ಸನ್ಮಾನ ಪತ್ರ ಎಂಬರ್ಥದಲ್ಲಿ ಬಳಸುತ್ತೇವೆ. ಆದರೆ ಅದರೊಳಗೆ ಕೂತಿರುವುದು ಬಿನ್ನಹ, ಅಂದರೆ ವಿಜ್ಞಾಪನೆ. ಕೆಳಗಿನವರು ಮೇಲಿನವರಿಗೆ ಮಾಡಿಕೊಳ್ಳುವ ಅರಿಕೆ. ಮಹಾರಾಜರೋ ದಿವಾನರೋ ಊರಿಗೆ ಬಂದಾಗ ಪುರಜನರು ಹೊಗಳಿಕೆಯ ನಾಲ್ಕು ಪ್ಯಾರಾ ಓದಿ, ಐದನೆಯದರಲ್ಲಿ ರಸ್ತೆಯನ್ನೋ ಆಸ್ಪತ್ರೆಯನ್ನೋ ಕೇಳುವುದು ಅದರ ರೂಢಿ. ಹೊಗಳಿಕೆ ಕೇಳಿಕೆಯ ಪೀಠಿಕೆ. ಅದನ್ನು ಬೆಳ್ಳಿಯ ಕರಂಡಕದಲ್ಲಿಟ್ಟು ಕೊಡುತ್ತಿದ್ದರು. ಗಾಂಧೀಜಿ ತಮಗೆ ಬಂದ ಇಂಥ ಕರಂಡಕಗಳನ್ನು ಸಭೆಯಲ್ಲಿ ನಿಂತಲ್ಲೇ ಹರಾಜು ಹಾಕಿ ನಿಧಿಗೆ ದುಡ್ಡು ಕೂಡಿಸುತ್ತಿದ್ದರು. ಬಿನ್ನವತ್ತಳೆಯ ಪ್ರಕಾರಕ್ಕೆ ಸಿಕ್ಕ ಅತ್ಯುತ್ತಮ ವಿಮರ್ಶೆ ಅದೇ ಎಂದು ನನ್ನ ಅನಿಸಿಕೆ.

ಈ ಹಿನ್ನೆಲೆಯಲ್ಲಿ ನೋಡಿದರೆ ನನ್ನ ಕಷ್ಟ ಏನೆಂದು ತಿಳಿಯುತ್ತದೆ. ನನ್ನ ಕೈಯಲ್ಲಿದ್ದ ಭಾಷೆ ಮೇಲಕ್ಕೆ ನೋಡುವ ಭಾಷೆ. 'ಮಾನ್ಯರೇ, ತಾವು ಸದ್ವಂಶದಲ್ಲಿ ಜನಿಸಿ' ಎಂದು ಶುರುವಾಗಿ 'ತಮ್ಮ ಕೀರ್ತಿ ದಿಗಂತದಲ್ಲಿ ಹಬ್ಬಲಿ' ಎಂದು ಮುಗಿಯುವ ಭಾಷೆ. ಸಂಘದ ಹಳೆಯ ಸನ್ಮಾನ ಪತ್ರಗಳನ್ನು ಮಾದರಿಗೆಂದು ಕೊಟ್ಟಿದ್ದರು. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುವಂತಿದ್ದವು. 'ನಿಸ್ವಾರ್ಥ ಸೇವೆ', 'ಎಲೆಮರೆಯ ಕಾಯಿ', 'ಸರಳ ಸಜ್ಜನಿಕೆ'. ಎಲೆಮರೆಯ ಕಾಯಿ ಎನ್ನುವವರು ಎಲೆ ಯಾರು ಎಂದು ಯೋಚಿಸಿರುತ್ತಾರೋ ಇಲ್ಲವೋ.

ಗೌರವ ಎಂಬ ಪದದ ಸಂಗತಿ ಇನ್ನೂ ವಿಚಿತ್ರ. ಕನ್ನಡದಲ್ಲಿ ಯಾವ ಹುದ್ದೆಯ ಹಿಂದೆ 'ಗೌರವ' ಸೇರಿಸಿದರೂ ಅದಕ್ಕೆ ಸಂಬಳವಿಲ್ಲ ಎಂದರ್ಥ. ಗೌರವ ಕಾರ್ಯದರ್ಶಿ, ಗೌರವ ಸಂಪಾದಕ. ಇನ್ನು 'ಗೌರವಧನ' ಎಂದರೆ ಸಂಬಳ ಎನ್ನಲಾಗದಷ್ಟು ಕಡಿಮೆ ದುಡ್ಡು. 1975ರಲ್ಲಿ ಶುರುವಾದ ಅಂಗನವಾಡಿ ಯೋಜನೆಯಲ್ಲಿ ದಿನವಿಡೀ ದುಡಿಯುವ ಹೆಂಗಸರಿಗೆ ಸಿಗುವುದು ಇದೇ ಗೌರವಧನ. ಅವರದು ಸರ್ಕಾರಿ ಹುದ್ದೆಯಲ್ಲವೆಂದು ಕರ್ನಾಟಕದ ಪ್ರಕರಣವೊಂದರಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಅದೇ ಕೋರ್ಟ್, ಗುಜರಾತಿನ ಪ್ರಕರಣದಲ್ಲಿ, ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದಿತು. ಅದು ಬೇರೆಯೇ ಚರ್ಚೆ, ಇಲ್ಲಿ ಬೆಳೆಸುವುದಿಲ್ಲ. ಯಾರಾದರೂ ತೀರಾ ಗೌರವದಿಂದ ಮಾತಾಡತೊಡಗಿದರೆ ಅಂಗನವಾಡಿ ಅಕ್ಕಂದಿರು ಯಾಕೆ ಹುಷಾರಾಗುತ್ತಾರೆ ಎನ್ನುವುದು ನನಗೆ ಅರ್ಥವಾಗುತ್ತದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಕಾಲೇಜಿನಲ್ಲಿ ನಾನೂ ಎನ್‌ಎಸ್‌ಎಸ್‌ನಲ್ಲಿದ್ದೆ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ. ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಿದರೆ ಪ್ರಮಾಣಪತ್ರ. ನನ್ನ ಬಳಿ ಅದಿದೆ, ಸಹಿ ಮತ್ತು ಮೊಹರಿನ ಸಮೇತ. ಗ್ಯಾಸ್‌ಲೈಟಣ್ಣನ ಗಂಟೆಗಳನ್ನು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ. ರಾತ್ರಿಯಿಡೀ ನಡೆಯುವ ತಾಳಮದ್ದಳೆಯ ಒಂದೇ ಮಳೆಗಾಲ ಸಾಕು ನನ್ನ ಪ್ರಮಾಣಪತ್ರವನ್ನು ಕೊಚ್ಚಿಕೊಂಡು ಹೋಗಲು.

ನಮ್ಮ ಸೀಮೆಯಲ್ಲಿ ಈ ಮಾತು ಬಂದರೆ ಹೆಗ್ಗೋಡಿನ ಹೆಸರು ಬರದೆ ಇರದು. ಸಾಗರ ತಾಲ್ಲೂಕಿನ ಅಡಿಕೆ ತೋಟಗಳ ನಡುವಿನ ಆ ಸಣ್ಣ ಊರಿನಲ್ಲಿ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ಊರವರು ಸಂಜೆ ಹೊತ್ತು ಕೂಡಿ ನಾಟಕ ಕಲಿಯುವ ಎಲ್ಲ ಸಂಘಗಳಂತೆ ಅದೂ ಒಂದು. ಹೆಸರಿನಲ್ಲೇ 'ಸೇವೆ' ಇದೆ ನೋಡಿ. ಮುಂದೆ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಬಂತು, 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. 1991ರಲ್ಲಿ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಇಡೀ ಮಲೆನಾಡು ತನಗೇ ಬಂತೆಂಬಂತೆ ಹಿಗ್ಗಿತಂತೆ. ನಾನು ಆಗಿನ್ನೂ ಹುಟ್ಟಿರಲಿಲ್ಲ. ಸುಬ್ಬಣ್ಣನವರು ಜೀವಮಾನವಿಡೀ ಬಳಸಿದ ಪದ 'ಸಮುದಾಯ'. ಆದರೆ ಪ್ರಶಸ್ತಿಗಳಿಗೆ ಸಮುದಾಯದ ವಿಳಾಸ ಗೊತ್ತಿರುವುದು ಕಡಿಮೆ. ಅವಕ್ಕೆ ಒಂದು ಕೊರಳು ಬೇಕು, ಒಂದು ಜೊತೆ ಕೈ ಬೇಕು. ಇದು ಸುಬ್ಬಣ್ಣನವರ ಮೇಲಿನ ದೂರಲ್ಲ. ಅವರು ಬರೆದಿಟ್ಟರು, ಬೇರೆಯವರಿಂದ ಬರೆಸಿದರು, ಅಕ್ಷರ ಪ್ರಕಾಶನ ಕಟ್ಟಿದರು. ಆದ್ದರಿಂದಲೇ ಹೆಗ್ಗೋಡಿನಲ್ಲಿ ಪಾತ್ರ ಮಾಡಿದ ಕೃಷಿಕರು, ಅಂಗಡಿಯವರು, ಮೇಷ್ಟರುಗಳ ಸುಳಿವಾದರೂ ನಮಗೆ ಸಿಗುತ್ತದೆ. ಅಂಥ ಒಬ್ಬರು ಇಲ್ಲದ ನೂರಾರು ಊರುಗಳ ಸಂಘಗಳು ಟ್ರಂಕಿನೊಳಗೆ ಉಳಿದವು, ಅಥವಾ ಗೆದ್ದಲಿಗೆ ಹೋದವು.

ಕಾಗದದ ಈ ಮಹಿಮೆಗೆ ಇನ್ನೊಂದು ಉದಾಹರಣೆ ಬೆಂಗಳೂರಿನ ಆರ್. ಕಲ್ಯಾಣಮ್ಮನವರು. ಬಾಲವಿಧವೆ. ಶಾರದಾ ಸ್ತ್ರೀ ಸಮಾಜ ಕಟ್ಟಿದರು, 1938ರಲ್ಲಿ ಅಖಿಲ ಕರ್ನಾಟಕ ಮಕ್ಕಳ ಕೂಟ ಶುರು ಮಾಡಿದರು. ಚಾಮರಾಜಪೇಟೆಯ ಬಸ್ಸಿನಲ್ಲಿ ಇವತ್ತಿಗೂ 'ಮಕ್ಕಳ ಕೂಟ' ಎಂದು ಕೇಳಿದರೆ ಇಳಿಸುತ್ತಾರೆ. ಮಕ್ಕಳು ಆಡಬೇಕು, ಹಾಡಬೇಕು, ಅದಕ್ಕೊಂದು ಜಾಗ ಬೇಕು ಎಂದು ಒಬ್ಬ ಹೆಂಗಸು ಆ ಕಾಲದಲ್ಲಿ ಹಟ ಹಿಡಿದದ್ದು ಸಣ್ಣ ಮಾತಲ್ಲ. ಆದರೆ ಅವರು ನಮಗೆ ಗೊತ್ತಿರುವುದಕ್ಕೆ ಒಂದು ಕಾರಣ ನಲವತ್ತು ವರ್ಷಕ್ಕೂ ಮೀರಿ ನಡೆಸಿದ 'ಸರಸ್ವತಿ' ಪತ್ರಿಕೆ. ಕೂಟದ ಮಕ್ಕಳಿಗೆ ನೀರು ಕುಡಿಸಿ, ಮಂಡಿ ಕೆತ್ತಿಕೊಂಡರೆ ಔಷಧ ಹಚ್ಚಿದ ಹೆಂಗಸರು ಯಾವ ಪತ್ರಿಕೆಯನ್ನೂ ನಡೆಸಲಿಲ್ಲ.

ಗರಡಿಮನೆಯವರು ಇದನ್ನು ಬೇರೆ ರೀತಿ ಬಗೆಹರಿಸಿಕೊಂಡಿದ್ದಾರೆ. ಮೈಸೂರಿನ ಹಳೆಯ ಗರಡಿಗಳಲ್ಲಿ ಮಟ್ಟಿಗೆ ಇಳಿಯುವ ಹುಡುಗ ಮೊದಲು ಕೈಮುಗಿಯುವುದು ದೇವರಿಗೆ, ಆಮೇಲೆ ಗೋಡೆಯ ಮೇಲಿನ ಉಸ್ತಾದರ ಪಟಗಳಿಗೆ. ಅಲ್ಲಿ ಸನ್ಮಾನಕ್ಕೆ ಸಭೆಯಿಲ್ಲ. ಊದಿನಕಡ್ಡಿಯ ಹೊಗೆಯಿಂದ ಗಾಜು ಮಸುಕಾದಷ್ಟೂ ಗೌರವ ಹೆಚ್ಚು. ಬರೆಯಲು ಬಾರದವರೂ ಮಾಡಬಹುದಾದ ಈ ಕ್ರಮ ನನಗೆ ಬಹಳ ಹಿಡಿಸಿತು. ಆದರೆ ಅಲ್ಲಿಯೂ ಪಟವಾಗುವುದು ಉಸ್ತಾದ್ ಮಾತ್ರ. ಮಟ್ಟಿಯ ಕೆಮ್ಮಣ್ಣು ಅಗೆದು ಹದ ಮಾಡುವವನಿಗೆ ಪಟವಿಲ್ಲ.

ಇಷ್ಟು ಸುತ್ತಿ ಬಂದ ಮೇಲೆ ಹೊಳೆದದ್ದು, ಗ್ಯಾಸ್‌ಲೈಟಣ್ಣನನ್ನೇ ಕೇಳಬಹುದಿತ್ತಲ್ಲ ಎಂದು! ಬದುಕಿರುವವರನ್ನು ಬಿಟ್ಟು ಕಾಗದ ಹುಡುಕುವುದು ನಮ್ಮ ಶಿಸ್ತಿನ ದೊಡ್ಡ ರೋಗ.

ಅವರ ಮನೆಗೆ ಹೋದಾಗ ಅಂಗಳದಲ್ಲಿ ಅಡಿಕೆ ಒಣಗಿಸುತ್ತಿದ್ದರು. ಅವರ ಹೆಂಡತಿ ಒಳಗಿನಿಂದ ಚಾಪೆ ತಂದು ಹಾಸಿದರು. ನಾನು ವರ್ಷ ಕೇಳಿದರೆ ಅಣ್ಣನಿಗೆ ನೆನಪಾಗುತ್ತಿರಲಿಲ್ಲ. "ಅದು ದೊಡ್ಡ ಮಗಳು ಹೊಟ್ಟೇಲಿದ್ದ ವರ್ಷ", "ಅದು ಆ ದೊಡ್ಡ ಮಳೆಗೆ ಕೊಟ್ಟಿಗೆ ಬಿದ್ದ ವರ್ಷ" ಎಂದು ಅವರ ಹೆಂಡತಿಯೇ ಬಾಗಿಲಲ್ಲಿ ನಿಂತು ಸರಿಪಡಿಸುತ್ತಿದ್ದರು. ನಾನು ಮಗಳ ವಯಸ್ಸಿನಿಂದ ಲೆಕ್ಕ ಹಾಕಿ ಇಸವಿ ಬರೆದುಕೊಳ್ಳುತ್ತಿದ್ದೆ.

ಗ್ಯಾಸ್‌ಲೈಟಿನ ಬಗ್ಗೆ ಕೇಳಿದಾಗ ಮಾತ್ರ ಅಣ್ಣನಿಗೆ ಯಾರ ನೆರವೂ ಬೇಕಾಗಲಿಲ್ಲ. ಮೊದಲು ಸಣ್ಣ ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಬೇಕು, ಕೊಳವೆ ಕಾಯಬೇಕು. ಕಾಯುವ ಮೊದಲು ಪಂಪು ಹೊಡೆದರೆ ಎಣ್ಣೆ ಆವಿಯಾಗದೆ ಹೊಗೆ, ಬೆಂಕಿ. ಮ್ಯಾಂಟಲ್ ಒಮ್ಮೆ ಉರಿದ ಮೇಲೆ ಬರೀ ಬೂದಿಯ ಬಲೆ. ಬೆರಳು ತಾಗಿದರೆ ಉದುರುತ್ತದೆ. ಆದ್ದರಿಂದ ದೀಪವನ್ನು ಹೊತ್ತು ತರುವಾಗ ತೋಟದ ಸಂಕದ ಮೇಲೆ ಉಸಿರು ಹಿಡಿದು ನಡೆಯಬೇಕು. ಮಳೆಹುಳ ಬಂದು ಮುತ್ತಿದರೆ ಗಾಜು ಒರೆಸಬೇಕು. ನಾಟಕದಲ್ಲಿ ಕತ್ತಲೆಯ ದೃಶ್ಯ ಬಂದರೆ ತಗಡಿನ ಡಬ್ಬ ಅಡ್ಡ ಹಿಡಿಯಬೇಕು. ಬೆಳಕು ಕೆಂಪಾಗತೊಡಗಿದರೆ ಒತ್ತಡ ಇಳಿದಿದೆ ಎಂದರ್ಥ, ಪಂಪು ಹೊಡೆಯಬೇಕು. ಹೀಗಾಗಿ ಇಷ್ಟು ವರ್ಷದಲ್ಲಿ ಒಂದು ನಾಟಕವನ್ನೂ ಎದುರಿಗೆ ಕೂತು ಪೂರ್ತಿ ನೋಡಿದ್ದಿಲ್ಲವಂತೆ. "ಆದ್ರೆ ಮಾತೆಲ್ಲ ಬಾಯಿಪಾಠ. ಸುಂಯ್ ಅನ್ನೋ ಸದ್ದಿನ ಜೊತೆಗೇ ಬಾಯಿಪಾಠ" ಎಂದು ನಕ್ಕರು. ಪೆಟ್ರೋಮ್ಯಾಕ್ಸ್ ಎಂಬುದು ಮ್ಯಾಕ್ಸ್ ಗ್ರೆಟ್ಸ್ ಎಂಬ ಬರ್ಲಿನ್ನಿನವನ ಹೆಸರು ಸೇರಿ ಆದ ಪದ ಎಂದು ನಾನು ಹೇಳಿದೆ. "ಓಹೋ, ಅವನ ಹೆಸರು ದೀಪದ ಮೇಲೇ ಬರೆದಿದಾರಾ?" ಎಂದರು. ಅದನ್ನು ಅವರು ಸುಮ್ಮನೆ ಕೇಳಿದ್ದೋ ಚುಚ್ಚಿದ್ದೋ ನನಗೆ ತಿಳಿಯಲಿಲ್ಲ.

ನನಗೆ ಕೇಳಬೇಕಾಗಿದ್ದ, ಆದರೆ ಹೇಗೆ ಕೇಳುವುದೆಂದು ತಿಳಿಯದ ಪ್ರಶ್ನೆ ಇನ್ನೊಂದಿತ್ತು. ಅವರ ಮನೆತನ ಮಡಿವಾಳರದು. ಹಿಂದೆ ಊರಿನ ತೇರು, ಮದುವೆ ಮೆರವಣಿಗೆಗಳಲ್ಲಿ ದೀವಟಿಗೆ ಹಿಡಿಯುವುದು, ನಡೆಮಡಿ ಹಾಸುವುದು ಅವರ ಮನೆಯ ಪಾಲಿಗೆ ಬಂದ ಕೆಲಸ. ಅದಕ್ಕೆ ಸುಗ್ಗಿಯಲ್ಲಿ ಕಾಳಿನ ರೂಪದ ಆಯ ಸಿಗುತ್ತಿತ್ತು. ಒಲ್ಲೆ ಎನ್ನುವ ಮಾತಿರಲಿಲ್ಲ. ಶಾಸನಗಳಲ್ಲಿ 'ಬಿಟ್ಟಿ' ಎಂಬ ಪದ ಬರುತ್ತದೆ. ಸಂಸ್ಕೃತದ 'ವಿಷ್ಟಿ'ಯ ತದ್ಭವ, ಅಂದರೆ ಬಲವಂತದ ದುಡಿಮೆ. ಇವತ್ತು ನಾವು ಬಿಟ್ಟಿ ಎಂದರೆ ಪುಕ್ಕಟೆ ಎಂದು ತಿಳಿಯುತ್ತೇವೆ. ಬಲವಂತ ಅರ್ಥದಿಂದ ಜಾರಿಹೋಗಿ ಪುಕ್ಕಟೆ ಮಾತ್ರ ಉಳಿದಿದೆ. ಪಾತ್ರ ಮಾಡುವವರೆಲ್ಲ ತೋಟದ ಧಣಿಗಳಾಗಿದ್ದ ಸಂಘಕ್ಕೆ, ದೀವಟಿಗೆ ಹಿಡಿಯುತ್ತಿದ್ದ ಮನೆಯ ಹುಡುಗ ಬಂದು ಗ್ಯಾಸ್‌ಲೈಟು ಹಚ್ಚಿದ್ದನ್ನು 'ನಿಸ್ವಾರ್ಥ ಸೇವೆ' ಎಂದು ನಾನು ಬರೆದುಬಿಟ್ಟರೆ, ಹಳೆಯ ಬಿಟ್ಟಿಗೆ ಹೊಸ ಚೌಕಟ್ಟು ಹಾಕಿಕೊಟ್ಟಂತಲ್ಲವೇ? ಮೂರು ವಾರ ಪುಟ ತುಂಬದಿದ್ದದ್ದಕ್ಕೆ ನಿಜವಾದ ಕಾರಣ ಇದು.

ಹೇಗೋ ತೊದಲುತ್ತ ಕೇಳಿದೆ. ಅಣ್ಣ ಸ್ವಲ್ಪ ಹೊತ್ತು ಅಡಿಕೆಯಲ್ಲಿ ಕೈಯಾಡಿಸಿದರು.

"ತಂಗೀ, ಅಪ್ಪ ಹಿಡಿದ ದೀವಟಿಗೆ ಬೇರೆ, ನಾನು ಹಚ್ಚಿದ ಗ್ಯಾಸ್‌ಲೈಟು ಬೇರೆ. ಜ್ವರ ಬಂದು ಮಲಗಿದ್ರೂ ಅಪ್ಪ ಬರಲ್ಲ ಅನ್ನೋ ಹಂಗಿರ್ಲಿಲ್ಲ. ನಾನು ಯಾವತ್ತು ಬೇಕಾದ್ರೂ ಬರಲ್ಲ ಅನ್ನಬಹುದಿತ್ತು. ಎರಡು ಸಲ ಅಂದಿದೀನಿ ಕೂಡ. ಒಂದು ಸಲ ನಮ್ಮ ಹುಡುಗರಿಗೆ ಪಾತ್ರ ಕೊಡಲ್ಲ ಅಂದಾಗ. ಆ ವರ್ಷ ನಾಟಕ ಕತ್ತಲೇಲಿ ಆಯ್ತು. ಮುಂದಿನ ವರ್ಷ ಮನೆಗೆ ಬಂದು ಕರೆದ್ರು, ಪಾತ್ರಾನೂ ಕೊಟ್ರು. ಅದಕ್ಕೇ ಹೋದೆ."

ನಡಾವಳಿ ಪುಸ್ತಕದಲ್ಲಿ ಒಂದು ವರ್ಷದ ನಾಟಕದ ಬಗ್ಗೆ 'ಬೆಳಕಿನ ಅವ್ಯವಸ್ಥೆಯಿಂದ ಪ್ರದರ್ಶನಕ್ಕೆ ತೊಂದರೆಯಾಯಿತು' ಎಂಬ ಸಾಲನ್ನು ನಾನು ಓದಿದ್ದೆ. ಸೀಮೆಎಣ್ಣೆಯ ಅಭಾವವಿರಬೇಕು ಎಂದು ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಟಿಪ್ಪಣಿ ಬೇರೆ ಮಾಡಿಕೊಂಡಿದ್ದೆ!

ಸೀಮೆಎಣ್ಣೆ ಎ೦ದಾಗ ಬಾಗಿಲಿನಿಂದ ಅವರ ಹೆಂಡತಿ ಅಂದರು: "ಅಭಾವ ಇದ್ದದ್ದೇ. ರೇಷನ್ ಎಣ್ಣೇಲಿ ನಮ್ಮ ಕಾರ್ಡಿನದೂ ಅಲ್ಲಿಗೇ ಹೋಗೋದು. ಮನೇಲಿ ಬುಡ್ಡಿದೀಪಕ್ಕಿಲ್ಲದಿದ್ರೂ ಗ್ಯಾಸ್‌ಲೈಟಿಗೆ ಇರೋದು." ನಾನು ನಕ್ಕು ಮುಂದಿನ ಪ್ರಶ್ನೆಗೆ ಹೋದೆ.

ಆ ರಾತ್ರಿಯೇ ಕೂತು ಪತ್ರ ಬರೆದೆ. ವಂಶ, ಕೀರ್ತಿ, ದಿಗಂತ ಎಲ್ಲ ಬಿಟ್ಟೆ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಷ್ಟು ನಾಟಕ, ಗ್ಯಾಸ್‌ಲೈಟು ಹಚ್ಚುವ ಕ್ರಮವೇನು, ಅದರಲ್ಲಿ ಅವರ ಕೈಚಳಕವೇನು ಎಂದು ಸರಳವಾಗಿ ಬರೆದೆ. 'ಬರಲ್ಲ' ಎಂದ ವರ್ಷದ ಸಂಗತಿಯನ್ನೂ ಎರಡು ಸಾಲಿನಲ್ಲಿ ಸೇರಿಸಿದೆ. ಕಾರ್ಯದರ್ಶಿಗಳು ಅದನ್ನು ಎರಡು ಸಲ ಓದಿ, "ಇದು ಬೇಕಾ?" ಎಂದರು. ಬೇಕು ಎಂದೆ. ಅವರ ತಂದೆಯೇ ಆಗ ಕಾರ್ಯದರ್ಶಿಯಾಗಿದ್ದವರು. ತುಸು ಹೊತ್ತು ಸುಮ್ಮನಿದ್ದು, "ಇರಲಿ ಬಿಡು, ಆದದ್ದು ಹೌದಲ್ಲ" ಎಂದು ಡಿಟಿಪಿಗೆ ಕಳಿಸಿದರು. ಅವರ ಮೇಲೆ ನನಗೆ ಅವತ್ತು ಹುಟ್ಟಿದ ಗೌರವ ಇನ್ನೂ ಹಾಗೇ ಇದೆ.

ವಾರ್ಷಿಕೋತ್ಸವದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಎಲ್ಲ ಆಯಿತು. ಪತ್ರವನ್ನು ನಾನೇ ಓದಿದೆ. ದೀಪ ಹಚ್ಚುವ ಭಾಗ ಬಂದಾಗ ಹಿಂದಿನ ಸಾಲಿನ ಮುದುಕರು ತಲೆದೂಗಿದರು. ಎರಡು ಸಾಲಿನ ಆ ಭಾಗ ಬಂದಾಗ ಸಭೆ ಸ್ವಲ್ಪ ಮೌನವಾಯಿತು, ಆಮೇಲೆ ಯಾರೋ ಚಪ್ಪಾಳೆ ಹೊಡೆದರು. ಅಣ್ಣ ತಲೆ ತಗ್ಗಿಸಿ ಕೇಳುತ್ತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ಅವರು ಚೌಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದರು. ಚೆನ್ನಾಗಿದೆ, ಸುಳ್ಳಿಲ್ಲ ಎಂದರು. ಆಮೇಲೆ ಬೆಳಕಿಗೆ ಹಿಡಿದು, ಬೆರಳಿನಿಂದ ಸಾಲು ಹುಡುಕುತ್ತ ಕೇಳಿದರು.

"ಪರದೆ ಒಗೆದದ್ದು ಯಾರು ಅಂತ ಬರೆದಿಲ್ಲ ಅಲ್ವಾ ತಂಗಿ? ಎಲ್ಲಾ ವರ್ಷಾನೂ ಅವಳೇ ಹೊಳೆಗೆ ಹೊತ್ಕೊಂಡು ಹೋಗಿ ಒಗೆದು ತರ್ತಿದ್ಲು. ಎಣ್ಣೆ ಕಾರ್ಡಿನ ವಿಷ್ಯಾನೂ ಹೇಳಿದ್ಲಲ್ಲ ಅವತ್ತು. ಒಂದು ಸಾಲು ಸೇರಿಸೋಕಾಗುತ್ತಾ?"

ನನ್ನ ಟಿಪ್ಪಣಿ ಪುಸ್ತಕದಲ್ಲಿ ಅವರು ಹೇಳಿಕೊಟ್ಟ ಇಸವಿಗಳೆಲ್ಲ ಇದ್ದವು. ಅವರ ಹೆಸರು ಇರಲಿಲ್ಲ, ನಾನು ಕೇಳಿರಲಿಲ್ಲ. ಈಗ ಕೇಳಿದೆ, ಅಣ್ಣ ಹೇಳಿದರು, ಬರೆದುಕೊಂಡೆ. ಪೆನ್ನು ಕೈಯಲ್ಲೇ ಇತ್ತು. ಆದರೆ ಚೌಕಟ್ಟಿಗೆ ಗಾಜು ಕೂರಿಸಿ, ಹಿಂದೆ ಮೊಳೆ ಹೊಡೆದಾಗಿತ್ತು.